ಕಿತ್ತಳೆಯ ಹೆಸರಿನ ಪ್ರವಾಸ

ಮುಂಬಯಿ ಪೇಟೆಯಲ್ಲಿ 'ಸಂತ್ರಾ' ಎಂದು ಕೊಂಡ ಹಣ್ಣು ನಮ್ಮ ಮನೆಯಲ್ಲಿ 'ಕಿತ್ತಳೆ', ಮಕ್ಕಳ ಬಾಯಲ್ಲಿ 'ಆರೆಂಜ್'. ಅದು ಪರಕೀಯ ಪದವೆಂದು ನಾನು ಗದರುತ್ತಿದ್ದೆ. ಆದರೆ ಅದರ ಮೂಲ ದ್ರಾವಿಡವಿರಬೇಕೆಂಬುದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ!

ಸಂಸ್ಕೃತದ 'ನಾರಂಗ' ಪಾರಸಿಯಲ್ಲಿ 'ನಾರಂಗ್', ಅರಬ್ಬಿಯಲ್ಲಿ 'ನಾರಂಜ್', ಸ್ಪೇನಿನಲ್ಲಿ 'ನಾರಾಂಖಾ' ಆಯಿತು. ಇಟಲಿಯಲ್ಲಿ ಮೊದಲ 'ನ'ಕಾರ ಕಳೆದುಕೊಂಡು 'ಅರಾಂಚಾ' ಆಯಿತು. ಇದು ಮೊದಲಿಗೆ ಹುಳಿ ತಳಿಯ ಹೆಸರು. ಸಿಹಿ ತಳಿಯನ್ನು 16ನೆಯ ಶತಮಾನದ ಸುಮಾರಿಗೆ ಪೋರ್ತುಗೀಸ್ ವರ್ತಕರು ಹರಡಿದ್ದರಿಂದ ಅರಬ್ಬರಿಗೆ ಅದು 'ಬುರ್ತುಕಾಲ್', ಗ್ರೀಕರಿಗೆ 'ಪೋರ್ತೊಕಾಲಿ'. ಡಚ್ಚರಿಗೆ 'ಸಿನಾಸಾಪ್ಪೆಲ್', ಎಂದರೆ ಚೀನಾದ ಸೇಬು. ಹಣ್ಣಿನ ತವರೂ ಆ ಕಡೆಯದೇ.

ಊರು ಬಿಟ್ಟ ಪದ ರೂಪ ಬದಲಿಸಿಯೂ ಬದುಕುತ್ತದೆ. ಮನೆಯಲ್ಲಿ ಯಾರೂ ಆಡದ ಪದ ಸಾಯುತ್ತದೆ. ಈಗ ನಾನು ಗದರುವುದಿಲ್ಲ. ಹಣ್ಣು ಸುಲಿದು ಕೊಡುವಾಗ 'ತಗೋ, ಕಿತ್ತಳೆ' ಎನ್ನುತ್ತೇನೆ, ಅಷ್ಟೆ.