ನೀರಾನೆಯನ್ನು ಕೊರಳಿಗೆ ಕಟ್ಟಿಕೊಂಡ ತಾಯಂದಿರು

(1/3)
ಮೊದಲನೇ ಫೋಟೋ ಜೂಮ್ ಮಾಡಿ ನೋಡಿ. ಹೆಬ್ಬೆರಳಿನಷ್ಟೂ ಇಲ್ಲದ ನೀಲಿ-ಹಸಿರು ಗೊಂಬೆ. ತಲೆ ನೀರಾನೆಯದು, ಕೈಕಾಲು ಸಿಂಹದ್ದು, ಬೆನ್ನ ಮೇಲೆ ಇಳಿಬಿದ್ದಿರೋದು ಮೊಸಳೆ ಬಾಲ. ಹೊಟ್ಟೆ ಮಾತ್ರ ತುಂಬು ಗರ್ಭಿಣಿಯದು. ನಿಜ ಹೇಳ್ತೀನಿ, ಮೊದಲ ಸಲ ನೋಡಿದಾಗ ನಂಗೆ ನಗು ಬಂದಿತ್ತು.

ಇವಳು ತವೆರೆತ್. ಪ್ರಾಚೀನ ಈಜಿಪ್ಟಿನ ಭಾಷೆಯಲ್ಲಿ ಆ ಹೆಸರಿಗೆ 'ದೊಡ್ಡವಳು' ಅಂತ ಅರ್ಥ. ನಾವು 'ದೊಡ್ಡಮ್ಮ' ಅಂದ ಹಾಗೇ ಅಂದ್ಕೊಳ್ಳಿ. ದಾರ ಪೋಣಿಸೋಕೆ ಒಂದು ತೂತು ಇದೆ, ಕಾಣ್ತಾ? ಇದು ಆಟದ ಗೊಂಬೆ ಅಲ್ಲ, ತಾಯಿತ. ಬಸುರಿಯರು, ಬಾಣಂತಿಯರು ಕಟ್ಟಿಕೊಳ್ತಿದ್ದದ್ದು.

ಆದ್ರೆ ನೀರಾನೆನೇ ಯಾಕೆ? ಮೈಸೂರು ಝೂನಲ್ಲಿ ಬಾಯಿ ಕಳೆದು ನಿಂತ ಹಿಪ್ಪೊ ನೋಡಿ ನಾವು ಸೆಲ್ಫಿ ತಗೋತೀವಿ. ನೈಲ್ ನದಿ ದಂಡೆಯವರಿಗೆ ಅದು ದೋಣಿ ಮಗುಚುವ, ರಾತ್ರಿ ದಡಕ್ಕೆ ಬಂದು ಬೆಳೆ ಮೇಯುವ ಪ್ರಾಣಿ. ಎಷ್ಟು ಹೆದರಿದ್ದರು ಅನ್ನೋದಕ್ಕೆ ಎರಡನೇ ಫೋಟೋಗೆ ಸ್ವೈಪ್ ಮಾಡಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್‌ನಲ್ಲಿರುವ ನೀಲಿ ನೀರಾನೆ. ಮೇರ್ ಎಂಬ ಊರಲ್ಲಿ ಸೆನ್ಬಿ ಅನ್ನುವವನ ಸಮಾಧಿಯಲ್ಲಿ ಸಿಕ್ಕಿದ್ದು, ಸುಮಾರು 3,900 ವರ್ಷ ಹಳೆಯದು. ಮೈ ತುಂಬ ತಾವರೆ ಚಿತ್ರ, ಮುದ್ದಾಗಿದೆ. ಆದರೆ ಅದರ ಮೂರು ಕಾಲುಗಳನ್ನ ಆಗಲೇ ಬೇಕಂತಲೇ ಮುರಿದಿದ್ದರು ಅಂತಾರೆ ವಿದ್ವಾಂಸರು. ಈಗ ಕಾಣೋದು ಆಮೇಲೆ ಜೋಡಿಸಿದ ಕಾಲು. ಪರಲೋಕದಲ್ಲಿ ಗೊಂಬೆಗೆ ಜೀವ ಬಂದು ಸತ್ತವನ ಮೇಲೇ ಎರಗಿದ್ರೆ?

ಒಂದೇ ಪ್ರಾಣಿ. ಒಂದು ಕಡೆ ಕಾಲು ಮುರೀತಾರೆ, ಇನ್ನೊಂದು ಕಡೆ ಕೊರಳಿಗೆ ಕಟ್ಕೋತಾರೆ. ಉತ್ತರ ಕಾಮೆಂಟ್‌ನಲ್ಲಿ ಮುಂದುವರಿಸಿದ್ದೀನಿ 👇

(2/3)
ಗಂಡು ನೀರಾನೆ ಅವರ ಪಾಲಿಗೆ ಸೆತ್ ದೇವರ ರೂಪ, ಅಂದ್ರೆ ಗಲಾಟೆ, ಅನಾಹುತ. ಎಡ್ಫು ದೇವಸ್ಥಾನದ ಗೋಡೆಯಲ್ಲಿ ಹೋರಸ್ ಈಟಿಯಿಂದ ನೀರಾನೆಯನ್ನು ತಿವಿಯುವ ಕೆತ್ತನೆಗಳ ಸಾಲೇ ಇದೆ. ಹೆಣ್ಣು ನೀರಾನೆ ಬೇರೆ. ಮರಿ ಪಕ್ಕದಲ್ಲಿದ್ದಾಗ ಅದರ ಹತ್ತಿರ ಯಾರೂ ಸುಳಿಯುವ ಹಾಗಿಲ್ಲ. ಆ ಸಿಟ್ಟನ್ನೇ ಈ ಹೆಂಗಸರು ಎರವಲು ಪಡೆದರು. ಸೌಮ್ಯ ಮುಖದ ದೇವತೆ ಇಲ್ಲಿ ಸಾಲದು, ಹಲ್ಲು ಕಿರಿಯೋ ಅಮ್ಮನೇ ಬೇಕು.

ಯಾಕಂದ್ರೆ ಭಯ ಸಣ್ಣದಲ್ಲ. ರಾಜರ ಸಮಾಧಿ ಕೊರೆಯುತ್ತಿದ್ದ ಕೆಲಸಗಾರರ ಊರು ದೇರ್ ಎಲ್-ಮದೀನಾ. ಅಲ್ಲಿನ ಸ್ಮಶಾನದಲ್ಲಿ ಬುಟ್ಟಿಗಳಲ್ಲಿ, ಮಡಕೆಗಳಲ್ಲಿ ಇಟ್ಟು ಹೂಳಿದ ಎಳೆಗೂಸುಗಳು ಸಿಕ್ಕಿವೆ. ಬರ್ಲಿನ್‌ನಲ್ಲಿ ಒಂದು ಪಪೈರಸ್ ಇದೆ, ತಾಯಿ-ಮಗುವಿಗೆ ಅಂತಲೇ ಬರೆದ ಮಂತ್ರಗಳು. ಒಂದರಲ್ಲಿ ಕತ್ತಲಲ್ಲಿ ನುಸುಳಿ ಬರುವ ಪೀಡೆಯನ್ನು ನೇರವಾಗಿ ಕೇಳ್ತಾರೆ, ಈ ಮಗುವನ್ನ ಎತ್ಕೊಂಡು ಹೋಗೋಕೆ ಬಂದೆಯಾ, ನಾನು ಬಿಡಲ್ಲ ಅಂತ. ಅದನ್ನ ಓದಿದ ಮೇಲೆ ತವೆರೆತ್‌ಳ ಹೊಟ್ಟೆ ನೋಡಿ ನಂಗೆ ನಗು ಬರಲಿಲ್ಲ.

ಇದನ್ನ ಮಾಡ್ತಿದ್ದದ್ದು ಹೇಗೆ? ಚಿನ್ನ, ರತ್ನದವೂ ಇದ್ದವು, ಆದರೆ ಬಹಳಷ್ಟು ಫೇಯಾನ್ಸ್‌ನವು. ಬೆಣಚು ಕಲ್ಲಿನ ಪುಡಿಗೆ ಸ್ವಲ್ಪ ಸುಣ್ಣ, ಕ್ಷಾರ, ಬಣ್ಣಕ್ಕೆ ತಾಮ್ರ ಸೇರಿಸಿ, ಕಣಕದ ಹಾಗೆ ಕಲಸಿ ಮಣ್ಣಿನ ಅಚ್ಚಿಗೆ ಒತ್ತೋದು. ಒಣಗುವಾಗ ಉಪ್ಪಿನಂಶ ತಾನಾಗೇ ಮೇಲಕ್ಕೆ ಬರುತ್ತೆ, ಭಟ್ಟಿಯಲ್ಲಿ ಸುಟ್ಟಾಗ ಅದೇ ಕರಗಿ ಹೊಳಪಾಗುತ್ತೆ. ಇದನ್ನ ಅವರು ಕರೆದದ್ದು 'ಹೊಳೆಯುವುದು' ಅಂತ. ಒಂದು ಅಚ್ಚಿದ್ರೆ ಎಷ್ಟು ಬೇಕಾದ್ರೂ ಒತ್ತಬಹುದು. ಹಾಗಾಗಿ ರಾಣಿಗೂ ಸಿಕ್ತು, ಕಲ್ಲು ಕುಟಿಗನ ಹೆಂಡತಿಗೂ ಸಿಕ್ತು.

(3/3)
ಈಗ ನನಗೆ ತುಂಬ ಇಷ್ಟವಾದ ಭಾಗ. ಕ್ರಿ.ಪೂ. 1350ರ ಆಸುಪಾಸು ಅಖೆನಾತೆನ್ ಎಂಬ ರಾಜ ಸೂರ್ಯಬಿಂಬ ಆತೆನ್‌ನನ್ನು ಎಲ್ಲಾ ದೇವರಿಗಿಂತ ಮೇಲೆ ಕೂರಿಸಿದ, ಅಮುನ್ ದೇವರ ಹೆಸರನ್ನು ಗೋಡೆಗಳಿಂದ ಕೆತ್ತಿ ತೆಗೆಸಿದ. ಅಮಾರ್ನಾದಲ್ಲಿ ಹೊಸ ರಾಜಧಾನಿ ಕಟ್ಟಿದ. ಪ್ರಾಣಿ ಮುಖದ ದೇವರುಗಳಿಗೆ ಅಲ್ಲಿ ಗುಡಿ ಇಲ್ಲ.

1891–92ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ಅಗೆದಾಗ ಸಿಕ್ಕ ರಾಶಿಗಳಲ್ಲಿ ಫೇಯಾನ್ಸ್ ಒತ್ತುವ ಅಚ್ಚುಗಳಿದ್ದವು. ಅಮಾರ್ನಾದಲ್ಲಿ ಸಿಕ್ಕ ಅಚ್ಚು, ತಾಯಿತಗಳಲ್ಲಿ ಯಾರ್ಯಾರಿದ್ದಾರೆ ಗೊತ್ತಾ? ಮನೆ ಕಾಯುವ ಕುಳ್ಳ ಬೇಸ್ ಇದ್ದಾನೆ, ನಮ್ಮ ತವೆರೆತ್ ಇದ್ದಾಳೆ. ಕೆಲಸಗಾರರ ಕೇರಿಯ ಮನೆ ಗೋಡೆಯ ಚಿತ್ರದಲ್ಲೂ ಇಬ್ಬರೂ ಇದ್ದಾರೆ. ರಾಜನ ಧರ್ಮ ಹೊಸಿಲಿನ ಆಚೆಗೇ ನಿಂತಿತ್ತು ಅಂತ ನನಗನ್ನಿಸೋದು. ಗುಡಿ ಮುಚ್ಚಿಸಬಹುದು, ಹೆರಿಗೆ ಕೋಣೆಯೊಳಗೆ ಬಂದು ಯಾರ ಕೊರಳಲ್ಲಿ ಏನಿದೆ ಅಂತ ನೋಡೋರು ಯಾರು?

(ಹಾಂ, ಇವಳು ಸಮುದ್ರನೂ ದಾಟಿದಳು. ಕ್ರೀಟ್ ದ್ವೀಪಕ್ಕೆ ಹೋಗಿ, ತೆಳ್ಳಗಾಗಿ, ನೀರಿನ ಹೂಜಿ ಹಿಡ್ಕೊಂಡು ಬೇರೆಯೇ ಅವತಾರ ಎತ್ತಿದಳು. ಅದರದ್ದೇ ಒಂದು ಪೋಸ್ಟ್ ಆಗುತ್ತೆ.)

ಅಖೆನಾತೆನ್ ತೀರಿಕೊಂಡ ಕೆಲವೇ ವರ್ಷಕ್ಕೆ ಆ ಊರು ಖಾಲಿಯಾಯ್ತು. ಪಟ್ಟಕ್ಕೆ ಬಂದ ಹುಡುಗ ನಿಮಗೆಲ್ಲ ಗೊತ್ತಿರೋನೇ, ತುತಾಂಖಮುನ್. 1922ರಲ್ಲಿ ಅವನ ಸಮಾಧಿ ಸಿಕ್ಕಾಗ ಎಲ್ಲರ ಕಣ್ಣು ಚಿನ್ನದ ಮುಖವಾಡದ ಮೇಲೆ ಹೋಯ್ತು. ಅದೇ ಸಮಾಧಿಯ ಖಜಾನೆ ಕೋಣೆಯಲ್ಲಿ ಒಂದು ಸಾದಾ ಮರದ ಪೆಟ್ಟಿಗೆ ಇತ್ತು. ಒಳಗೆ ಎರಡು ಪುಟ್ಟ ಶವಪೆಟ್ಟಿಗೆ, ಅದರಲ್ಲಿ ದಿನ ತುಂಬದೆ ತೀರಿಹೋದ ಎರಡು ಹೆಣ್ಣು ಶಿಶುಗಳು. ಬಹುಶಃ ಅವನ ಮಕ್ಕಳೇ. ಕೊನೇ ಫೋಟೋದಲ್ಲಿ ಆ ಪೆಟ್ಟಿಗೆ ಇದೆ, ಒಮ್ಮೆ ನೋಡಿ.

ಮುಂದಿನ ವಾರ: ಹೆರಿಗೆಗೆ ಬರುವ ಇನ್ನೊಬ್ಬಳು, ಕಪ್ಪೆ ಮುಖದ ಹೆಕೆತ್ 🐸