ಬೀದಿಯ ಕುಣಿತವೂ ಆಚಾರ್ಯನ ಹೊಣೆಯೂ

ಚಲಚ್ಚಿತ್ರವೊಂದನ್ನು ಕುರಿತು ನಾನು ಲೇಖನಿಯನ್ನು ಹಿಡಿದಿರುವುದನ್ನು ಕಂಡು ನನ್ನನ್ನು ಬಲ್ಲ ವಾಚಕರು ಆಶ್ಚರ್ಯಪಡಬಹುದು. ಕಳೆದ ಬೇಸಗೆಯ ರಜದಲ್ಲಿ ಮನೆಗೆ ಬಂದಿದ್ದ ಮೊಮ್ಮಗನು ಹಿಂದೀ ಭಾಷೆಯ ಚಿತ್ರವೊಂದನ್ನು ಹಚ್ಚಿ, "ತಾತ, ಕಾಲು ಗಂಟೆ ಕುಳಿತು ನೋಡಿ, ಹಿಡಿಸದಿದ್ದರೆ ಎದ್ದುಹೋಗಿ" ಎಂದನು. ಮಗುವಿನ ಮಾತನ್ನು ಮೀರಲಾರದೆ ಕುಳಿತೆನು. ಕಾಲು ಗಂಟೆ ಕಳೆದ ಮೇಲೆ ಏಳಲಿಲ್ಲ, ಕೊನೆಯವರೆಗೂ ಏಳಲಿಲ್ಲ. ಚಿತ್ರವು ಅಷ್ಟು ಉತ್ತಮವಾಗಿದ್ದಿತೆಂದಲ್ಲ. ಅದನ್ನು ನೋಡುತ್ತಿರುವಾಗ ಕಾಳಿದಾಸನ ಗಣದಾಸ ಹರದತ್ತರು ನನ್ನ ಕಣ್ಣೆದುರಿಗೆ ಬಂದು ನಿಂತರು. ಅವರ ಹಿಂದೆಯೇ ಮತ್ತೊಬ್ಬನೂ ಬಂದನು. ಅವನ ಸಂಗತಿಯನ್ನು ಮುಂದೆ ಹೇಳುವೆನು.

ಚಿತ್ರದ ಹೆಸರು ಎ ಬಿ ಸಿ ಡಿ. ಇದು ಅಕ್ಷರಮಾಲೆಯಲ್ಲ, "ಯಾರು ಬೇಕಾದರೂ ಕುಣಿಯಬಲ್ಲರು" ಎಂಬರ್ಥದ ನಾಲ್ಕು ಇಂಗ್ಲಿಷ್ ಮಾತುಗಳ ಮೊದಲಕ್ಷರಗಳು. 2013ನೆಯ ಇಸವಿ ಫೆಬ್ರವರಿ ತಿಂಗಳಿನಲ್ಲಿ ತೆರೆಕಂಡ ಈ ಚಿತ್ರವನ್ನು ನಿರ್ದೇಶಿಸಿದವರು ರೆಮೊ ಡಿಸೋಜಾ. ವಿಷ್ಣುವೆಂಬ ನೃತ್ಯಶಿಕ್ಷಕನು ಮುಂಬಯಿಯಲ್ಲಿ ಜಹಾಂಗೀರನೆಂಬ ಧನಿಕನ ನೃತ್ಯಸಂಸ್ಥೆಯಲ್ಲಿ ಕೆಲಸಮಾಡುತ್ತಿರುವನು. ಸಂಸ್ಥೆಯು ಸ್ಪರ್ಧೆಯಲ್ಲಿ ಗೆದ್ದುದು ವಿದ್ಯೆಯಿಂದಲ್ಲ, ಒಳಸಂಚಿನಿಂದ ಎಂಬುದನ್ನರಿತು ಅದನ್ನು ತೊರೆಯುವನು. ಗೋಪಿಯೆಂಬ ಮಿತ್ರನ ಆಶ್ರಯದಲ್ಲಿದ್ದುಕೊಂಡು ಮದರಾಸಿಗೆ ಹಿಂದಿರುಗುವ ಯೋಚನೆಯಲ್ಲಿರುವಾಗ, ಗಣೇಶೋತ್ಸವದ ದಿನಗಳಲ್ಲಿ ಬಡಕೇರಿಯ ಹುಡುಗರು ಎರಡು ಪಂಗಡಗಳಾಗಿ ನಿಂತು ಹುಚ್ಚೆದ್ದು ಕುಣಿಯುವುದನ್ನು ಕಾಣುವನು. ಆ ಹುಡುಗರನ್ನೇ ಕೂಡಿಸಿ ಪಾಠಕ್ಕೆ ತೊಡಗುವನು. ಅವರಲ್ಲಿ ಪರಸ್ಪರ ದ್ವೇಷ. ಚಂದುವೆಂಬ ಹುಡುಗನಿಗೆ ಮಾದಕದ್ರವ್ಯದ ಚಟ. ಅವನು ಕೊನೆಯ ಸ್ಪರ್ಧೆಗೆ ಮೊದಲೇ ಮರಣಹೊಂದುವನು. ಸ್ಪರ್ಧೆಯ ದಿವಸ ಎದುರಾಳಿಗಳು ಇವರು ಕಟ್ಟಿದ ಕುಣಿತವನ್ನೇ ಕದ್ದು ತಾವು ಮೊದಲು ಆಡಿಬಿಡುವರು. ಆಗ ಹುಡುಗರು ಕಲಿತುದನ್ನು ಬದಿಗಿಟ್ಟು, ತಮ್ಮ ಬೀದಿಯ ಗಣಪತಿಯ ಕುಣಿತವನ್ನೇ ರಂಗಕ್ಕೆ ತಂದು ಗೆಲ್ಲುವರು.

ಕಥೆ ಇಷ್ಟೆ. ಇಂತಹ ಕಥೆಗಳು ಎಲ್ಲ ದೇಶಗಳಲ್ಲಿಯೂ ಇವೆ; ಮೊದಲ ಅರ್ಧಗಂಟೆಯಲ್ಲಿಯೇ ಕೊನೆಯನ್ನು ಊಹಿಸಬಹುದು. ನನ್ನನ್ನು ಹಿಡಿದು ನಿಲ್ಲಿಸಿದುದು ಕಥೆಯಲ್ಲ. ಆಚಾರ್ಯನೆಂದರೆ ಯಾರು, ಅವನ ಬೆಲೆಯನ್ನು ಅಳೆಯುವುದೆಂತು ಎಂಬ ಪ್ರಶ್ನೆ. ಮಾಲವಿಕಾಗ್ನಿಮಿತ್ರದ ಮೊದಲೆರಡು ಅಂಕಗಳಲ್ಲಿ ಇರುವ ಪ್ರಶ್ನೆಯೂ ಇದೇ. ಅಲ್ಲಿ ಅರಮನೆಯ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂದು ಜಗಳವಾಡಿಕೊಂಡು ಅರಸನ ಬಳಿಗೆ ಬರುವರು. ತಾವೇ ಕುಣಿದು ತೋರಿಸಿದರೆ ಸಾಲದು, ಶಿಷ್ಯರು ಕುಣಿಯಲಿ, ಅದರಿಂದ ಗುರುವನ್ನು ಅಳೆಯೋಣ ಎಂಬುದು ಪರಿವ್ರಾಜಿಕೆಯ ತೀರ್ಮಾನ. ಕೆಲವರಿಗೆ ವಿದ್ಯೆ ತಮ್ಮಲ್ಲಿ ಚೆನ್ನಾಗಿ ನೆಲೆಸಿರುವುದು, ಕೆಲವರಿಗೆ ಅದನ್ನು ಇನ್ನೊಬ್ಬರಿಗೆ ದಾಟಿಸುವ ಶಕ್ತಿ ಇರುವುದು, ಎರಡೂ ಉಳ್ಳವನೇ ಶಿಕ್ಷಕರಲ್ಲಿ ಮೊದಲಿಗನು ಎಂಬುದು ಆಕೆಯ ಮಾತಿನ ತಾತ್ಪರ್ಯ. ಹೊಟ್ಟೆಪಾಡಿಗಾಗಿ ಮಾತ್ರ ವಿದ್ಯೆಯನ್ನಿಟ್ಟುಕೊಂಡವನು ಜ್ಞಾನವನ್ನು ಮಾರುವ ವರ್ತಕನು ಎಂದು ಗಣದಾಸನು ಹೇಳುವುದೂ ಅಲ್ಲಿಯೇ. ಜಹಾಂಗೀರನು ಆ ವರ್ತಕನೇ ಸರಿ.

ಆದರೆ ಕಾಳಿದಾಸನು ಹರದತ್ತನನ್ನು ದುಷ್ಟನನ್ನಾಗಿ ಮಾಡಲಿಲ್ಲವೆಂಬುದನ್ನು ಗಮನಿಸಬೇಕು. ಇಬ್ಬರೂ ವಿದ್ವಾಂಸರೇ, ಇಬ್ಬರೂ ಮಾನಧನರೇ. (ಪಾಪ, ಅವರ ಜಗಳವನ್ನು ವಿದೂಷಕನೇ ಹೊತ್ತಿಸಿದನೆಂಬುದೂ, ಅರಸನಿಗೆ ಬೇಕಾಗಿದ್ದುದು ವಿದ್ಯಾಪರೀಕ್ಷೆಯಲ್ಲ, ಮಾಲವಿಕೆಯ ದರ್ಶನವೆಂಬುದೂ ಆ ಮುದುಕರಿಗೆ ತಿಳಿಯದು.) ಎದುರಾಳಿಯನ್ನು ಕಳ್ಳನನ್ನಾಗಿ ಮಾಡಿದ್ದರಿಂದ ಈ ಚಿತ್ರವು ತನ್ನ ಪ್ರಶ್ನೆಯನ್ನು ತಾನೇ ಸುಲಭಮಾಡಿಕೊಂಡಿತು, ಇದು ಅದರ ದೊಡ್ಡ ಕೊರತೆಯೆಂದು ನನ್ನ ಅಭಿಪ್ರಾಯ. ಮಾಲವಿಕೆಯ ನೃತ್ಯ ಮುಗಿದು ಹರದತ್ತನ ಸರದಿ ಬಂದಾಗ ಮಧ್ಯಾಹ್ನವಾಗಿಬಿಡುವುದು. ಅರಸನು ನಾಳೆ ನೋಡೋಣವೆನ್ನುವನು. ಹರದತ್ತನ ಶಿಷ್ಯರನ್ನು ನಾವು ರಂಗದ ಮೇಲೆ ಕಾಣುವುದೇ ಇಲ್ಲ. ನಲವತ್ತು ವರ್ಷ ಆ ನಾಟಕವನ್ನು ಓದಿದ ನನಗೆ ಆ ಕಾಣದ ಶಿಷ್ಯರ ನೆನಪು ಬಂದುದು ಈ ಚಿತ್ರವನ್ನು ನೋಡಿದಾಗಲೇ.

ಬೀದಿಯವರಿಗೆ ನಾಟ್ಯದಲ್ಲಿ ಹಕ್ಕುಂಟೆ ಎಂದು ಕೇಳುವವರು ಭರತಮುನಿಯನ್ನೇ ಕೇಳಲಿ. ವೇದಾಧಿಕಾರವಿಲ್ಲದವರೂ ಸೇರಿದಂತೆ ಎಲ್ಲ ವರ್ಣದವರಿಗೂ ಸಲ್ಲುವ ಐದನೆಯ ವೇದವಾಗಿ ಬ್ರಹ್ಮನು ಇದನ್ನು ಸೃಷ್ಟಿಸಿದನೆಂದು ನಾಟ್ಯಶಾಸ್ತ್ರದ ಮೊದಲ ಅಧ್ಯಾಯವೇ ಹೇಳುತ್ತದೆ. ಋಷಿಗಳನ್ನು ಅಣಕಿಸಿದ ತಪ್ಪಿಗೆ ಭರತಪುತ್ರರು ಶಾಪಹೊಂದಿ ಶೂದ್ರತ್ವವನ್ನು ಪಡೆದರೆಂಬ ಕಥೆ ಅದೇ ಗ್ರಂಥದ ಕೊನೆಯಲ್ಲಿದೆ. ಎಲ್ಲರಿಗಾಗಿ ಹುಟ್ಟಿದ ವಿದ್ಯೆ, ಅದನ್ನು ಬಲ್ಲವರಿಗೆ ಮಾತ್ರ ಕೀಳು ಸ್ಥಾನ! ಮುಂದೆ ಶಾಸ್ತ್ರಕಾರರು ಮಾರ್ಗ, ದೇಶೀ ಎಂದು ವಿಭಾಗಿಸಿದರಾದರೂ ದೇಶಿಯನ್ನು ಹೊರಗಟ್ಟಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ನೃತ್ಯಕ್ಕೆ ಒಂದು ಭಾಗವನ್ನೇ ಮೀಸಲಿಟ್ಟು ದೇಶೀ ಪ್ರಕಾರಗಳನ್ನು ಆದರದಿಂದ ವಿವರಿಸಿರುವನು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಉತ್ಪ್ಲುತಿಕರಣಗಳೆಂದು ಹಾರುವ, ನೆಗೆಯುವ, ಮಗುಚುವ ಮೂವತ್ತಾರು ಚಲನೆಗಳನ್ನು ಎಣಿಸಿರುವನು. ಈ ಚಿತ್ರದ ಹುಡುಗರು ಅಂಗೈಯನ್ನು ನೆಲಕ್ಕೂರಿ ಕಾಲನ್ನು ಮುಗಿಲಿಗೆ ಚಾಚಿ ಗಿರ್ರನೆ ತಿರುಗಿದಾಗ, ನಮ್ಮ ಮನೆಯಲ್ಲಿ ಎಲ್ಲರೂ ಇದು ಅಮೆರಿಕದ್ದೆಂದರು. ಅಮೆರಿಕದ್ದೇ ಅಹುದು, ಆದರೆ ಶಾರ್ಙ್ಗದೇವನು ಕಂಡಿದ್ದರೆ ಗಾಬರಿಗೊಳ್ಳುತ್ತಿರಲಿಲ್ಲ.

ಅಮೆರಿಕದ ಸಂಗತಿಯನ್ನೂ ಚುಟುಕಾಗಿ ಹೇಳಿಬಿಡುವೆನು. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡಭಾಗದಲ್ಲಿ 1973ನೆಯ ಇಸವಿ ಆಗಸ್ಟ್ 11ರಂದು ಕೂಲ್ ಹರ್ಕ್ ಎಂಬ, ಜಮೈಕಾ ದ್ವೀಪದಿಂದ ಬಂದಿದ್ದ ಯುವಕನು ತನ್ನ ತಂಗಿ ಏರ್ಪಡಿಸಿದ್ದ ಕೂಟದಲ್ಲಿ ಹಾಡಿನ ಧ್ವನಿಮುದ್ರಿಕೆಗಳನ್ನು ನುಡಿಸಿದನು. ಹಾಡು ನಿಂತು ತಾಳವಾದ್ಯ ಮಾತ್ರ ಮೊಳಗುವ ತುಣುಕನ್ನು ಹಿಗ್ಗಿಸಿ ನುಡಿಸುವುದು ಅವನ ಕೈಚಳಕ. ಆ ತುಣುಕಿಗೆ ಕುಣಿದವರ ಕುಣಿತವೇ ಬ್ರೇಕ್ ಎಂದು ಹೆಸರಾಯಿತು. ಅದು 2024ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿಯೂ ಸ್ಥಾನಪಡೆಯಿತು.

ಮುಂಬಯಿಗೆ ತನ್ನದೇ ಆದ ಬೀದಿಯ ಕುಣಿತವು ಅದಕ್ಕೂ ಬಹಳ ಮುಂಚೆಯೇ ಇದ್ದಿತು. 1893ರಿಂದ ಗಣೇಶೋತ್ಸವವು ಸಾರ್ವಜನಿಕವಾದ ಮೇಲೆ ಗಿರಣಿಯ ಕೆಲಸಗಾರರ ಕೇರಿಗಳಲ್ಲಿ ವಿಸರ್ಜನೆಯ ಮೆರವಣಿಗೆಯೇ ಅವರ ನೃತ್ಯಶಾಲೆಯಾಯಿತು. ಅಲ್ಲಿ ಗುರುವಿಲ್ಲ, ಶುಲ್ಕವಿಲ್ಲ. ಗಿರಣಿಯ ಕೆಲಸಗಾರನೊಬ್ಬನ ಮಗನಾದ ಭಗವಾನ್ ದಾದಾ ಎಂಬ ನಟರು 1951ರಲ್ಲಿ ಅಲ್ಬೇಲಾ ಎಂಬ ಚಿತ್ರವನ್ನು ನಿರ್ಮಿಸಿ, ಭುಜವನ್ನು ಅಲುಗಿಸುತ್ತ, ಕಾಲನ್ನು ಅಷ್ಟಾಗಿ ಎತ್ತದೆ ಕುಣಿಯುವ ಸರಳವಾದ ಬಗೆಯಿಂದ ದೇಶವನ್ನೇ ಮರುಳುಮಾಡಿದರು. ಯಾರೂ ಕಲಿಯಬಹುದಾದ ಕುಣಿತವದು. ಮುಂದೆ ಅವರ ಸಂಪತ್ತೆಲ್ಲವೂ ಕರಗಿ, ದಾದರಿನ ಚಾಳಿನಲ್ಲಿ ಬಾಳಿ 2002ರಲ್ಲಿ ತೀರಿಕೊಂಡರು. ಗಣಪತಿಯ ಮೆರವಣಿಗೆಗಳು ಅವರ ಚಾಳಿನೆದುರು ನಿಂತು, ಮುದುಕರು ಹೊರಗೆ ಬಂದು ಎರಡು ಹೆಜ್ಜೆ ಹಾಕಿದ ಮೇಲೆಯೇ ಮುಂದುವರಿಯುತ್ತಿದ್ದುವೆಂದು ಹೇಳುವರು. ಪಾರಿತೋಷಕವೆಂದರೆ ಅದು.

ಚಿತ್ರಗಳಲ್ಲಿ ಕುಣಿತವನ್ನು ಕಲಿಸಿದವರ ಗತಿಯೂ ಬಹುಕಾಲ ಹರದತ್ತನ ಶಿಷ್ಯರದೇ ಆಗಿದ್ದಿತು. ನಾಯಕನ ಹೆಸರು ಎಲ್ಲರ ಬಾಯಲ್ಲಿ. ಹೆಜ್ಜೆಯನ್ನು ಕಟ್ಟಿದವರು ಯಾರೆಂದು ಕೇಳುವವರಿಲ್ಲ. ಸರೋಜ್ ಖಾನ್ ಅವರು ಬಾಲ್ಯದಲ್ಲಿ ಹಿಂದಿನ ಸಾಲಿನಲ್ಲಿ ಕುಣಿಯುತ್ತ, ಸೋಹನಲಾಲರೆಂಬ ನೃತ್ಯಗುರುಗಳ ಕೈಕೆಳಗೆ ಸಹಾಯಕಿಯಾಗಿ ಬೆಳೆದು, 1974ರಲ್ಲಿ ಸ್ವತಂತ್ರವಾಗಿ ನಿರ್ದೇಶನಕ್ಕೆ ತೊಡಗಿದರು. 1988ರ ತೇಜಾಬ್ ಚಿತ್ರಕ್ಕಾಗಿ ಅವರು ಕಟ್ಟಿದ ಒಂದು ನೃತ್ಯವು ಜನರನ್ನು ಎಷ್ಟು ಸೆಳೆಯಿತೆಂದರೆ, ಫಿಲ್ಮ್‌ಫೇರ್ ಪತ್ರಿಕೆಯವರು 1989ರಲ್ಲಿ ನೃತ್ಯನಿರ್ದೇಶನಕ್ಕೆಂದೇ ಹೊಸದಾಗಿ ಪ್ರಶಸ್ತಿಯನ್ನು ಏರ್ಪಡಿಸಿ ಮೊದಲನೆಯದನ್ನು ಅವರಿಗೇ ಕೊಟ್ಟರು. ಮಾತನಾಡುವ ಹಿಂದೀ ಚಿತ್ರ ಹುಟ್ಟಿದುದು 1931ರಲ್ಲಿ. ಹೆಜ್ಜೆ ಕಲಿಸಿದವರನ್ನು ಹೆಸರಿಟ್ಟು ಕರೆಯುವುದಕ್ಕೆ ಆ ಪತ್ರಿಕೆಯೂ ಸೇರಿದಂತೆ ಎಲ್ಲರಿಗೂ ಎಷ್ಟು ದಶಕಗಳು ಬೇಕಾದುವೆಂಬುದನ್ನು ವಾಚಕರೇ ಲೆಕ್ಕಹಾಕಬಹುದು.

ಈಗ ವಿಷ್ಣುವಿನ ಪಾತ್ರವನ್ನು ವಹಿಸಿದವರ ವಿಷಯ. ಪ್ರಭುದೇವರು ಹುಟ್ಟಿದುದು ನಮ್ಮ ಮೈಸೂರಿನಲ್ಲಿ, 1973ರ ಏಪ್ರಿಲ್ 3ರಂದು. ಬ್ರಾಂಕ್ಸಿನ ಆ ಕೂಟ ನಡೆದುದೂ ಅದೇ ವರ್ಷವೇ. ಅವರ ತಂದೆ ಮೂಗೂರು ಸುಂದರ್ ಅವರು ದಕ್ಷಿಣದೇಶದ ಚಿತ್ರಗಳಲ್ಲಿ ಹೆಸರಾಂತ ನೃತ್ಯನಿರ್ದೇಶಕರು. ಮೂಗೂರು ತಿರುಮಕೂಡಲು ನರಸೀಪುರದ ಕಡೆಯ ಗ್ರಾಮ. ತ್ರಿಪುರಸುಂದರಿಯ ದೇವಾಲಯದಿಂದಲೂ, ಮೈಸೂರು ಸೀಮೆಯ ಭರತನಾಟ್ಯದ ಪರಂಪರೆಯಲ್ಲಿಯೂ ಹೆಸರಾದ ಊರು. ಮದರಾಸಿನಲ್ಲಿ ಬೆಳೆದ ಹುಡುಗನಿಗೆ ಉಡುಪಿ ಲಕ್ಷ್ಮೀನಾರಾಯಣರೇ ಮೊದಲಾದ ಗುರುಗಳಿಂದ ಭರತನಾಟ್ಯದ ಪಾಠವಾಯಿತು. ಇನ್ನೊಂದು ಪಾಠ ಮೈಕೇಲ್ ಜಾಕ್ಸನ್ನರ ಚಿತ್ರಗಳನ್ನು ನೋಡಿ ತಾನೇ ಕಲಿತುದು. 1994ರ ಕಾದಲನ್ ಎಂಬ ತಮಿಳು ಚಿತ್ರದಲ್ಲಿ ಈ ಎರಡು ವಿದ್ಯೆಗಳೂ ಒಂದೇ ದೇಹದಲ್ಲಿ ಸೇರಿಕೊಂಡುದನ್ನು ಜನರು ಬೆರಗಾಗಿ ನೋಡಿದರು. 2019ರಲ್ಲಿ ಪದ್ಮಶ್ರೀ ಬಂದಿತು. ಪರಿವ್ರಾಜಿಕೆ ಹೇಳಿದ ಎರಡು ಗುಣಗಳೂ ಉಳ್ಳ ಇಂತಹವರನ್ನು ಗುರುವಿನ ಪಾತ್ರಕ್ಕೆ ಆರಿಸಿದುದು ಉಚಿತವೇ ಆಯಿತು. ಸಂಭಾಷಣೆಯಲ್ಲಿ ಅವರು ತಡವರಿಸುವರು. ಅಂಗವು ಮಾತ್ರ ಎಲ್ಲಿಯೂ ತಡವರಿಸದು.

ಶಿಷ್ಯರ ಪಾತ್ರಗಳನ್ನು ವಹಿಸಿದವರೂ ವೃತ್ತಿನಟರಲ್ಲ. 2009ರಲ್ಲಿ ಆರಂಭವಾದ ದೂರದರ್ಶನದ ನೃತ್ಯಸ್ಪರ್ಧೆಯೊಂದರಲ್ಲಿ ರೆಮೊ ಅವರು ತೀರ್ಪುಗಾರರಾಗಿದ್ದಾಗ ಎದುರಿಗೆ ಬಂದು ಕುಣಿದ ಹುಡುಗರನ್ನೇ ಅವರು ಚಿತ್ರಕ್ಕೆ ಕರೆದರು. ಮೊದಲ ವರ್ಷ ಗೆದ್ದ ಸಲ್ಮಾನ್ ಯೂಸುಫ್ ಖಾನ್ ಬೆಂಗಳೂರಿನವರು. ಬಡೋದೆಯ ಧರ್ಮೇಶ್, ಪುನೀತ್ ಪಾಠಕ್ ಎರಡನೆಯ ವರ್ಷದವರು. ಹಾಗಾಗಿ ಇದನ್ನು ಕಲ್ಪಿತ ಕಥೆಯೆಂದು ಮಾತ್ರ ನೋಡುವುದು ಸರಿಯಲ್ಲ. ಹಿಂದಿನ ಸಾಲಿನವರು ಮುಂದಿನ ಸಾಲಿಗೆ ಬಂದುದರ ದಾಖಲೆಯೂ ಇದಾಗಿದೆ. 2015ರಲ್ಲಿ ಬಂದ ಎರಡನೆಯ ಭಾಗದಲ್ಲಿ, ಮುಂಬಯಿಯ ಹೊರವಲಯದ ಸುರೇಶ್ ಮುಕುಂದ್ ಮತ್ತು ಅವರ ಸಂಗಡಿಗರ ನಿಜವಾದ ಜೀವನವನ್ನು ಆಧಾರವಾಗಿಟ್ಟುಕೊಂಡು, ಪಾತ್ರಗಳನ್ನು ಮಾತ್ರ ಸುಂದರಾಂಗ ತಾರೆಗಳಿಗೆ ವಹಿಸಿದರು. ಅಲ್ಲಿಗೆ ಹಿಂದಿನ ಸಾಲಿನವರು ಮತ್ತೆ ಹಿಂದಿನ ಸಾಲಿಗೇ ಹೋದರು. ನಿಜವಾದ ತಂಡವು ಸುಮ್ಮನೆ ಕೂರಲಿಲ್ಲ. 2019ರಲ್ಲಿ ಅಮೆರಿಕದ ವರ್ಲ್ಡ್ ಆಫ್ ಡಾನ್ಸ್ ಎಂಬ ಸ್ಪರ್ಧೆಯಲ್ಲಿ ಗೆದ್ದು ಹತ್ತು ಲಕ್ಷ ಡಾಲರುಗಳನ್ನು ಪಡೆಯಿತು.

ನನ್ನೆದುರಿಗೆ ಬಂದು ನಿಂತ ಮತ್ತೊಬ್ಬನ ಸಂಗತಿಯನ್ನು ಹೇಳುವೆನೆಂದಿದ್ದೆನು. ಕಾದಲನ್ ಬಂದ ಎರಡು ವರ್ಷಗಳ ಮೇಲೆ, ನಾನು ಕೆಲಸದಲ್ಲಿದ್ದ ಪಾಠಶಾಲೆಯ ವಾರ್ಷಿಕೋತ್ಸವದ ಕಾರ್ಯಕ್ರಮವನ್ನು ಆಯ್ಕೆಮಾಡುವ ಹೊಣೆ ನನ್ನದಾಗಿದ್ದಿತು. ತಮಟೆ ಬಾರಿಸುವ ಮನೆತನದ ಹುಡುಗನೊಬ್ಬನು ಬಂದು ಆ ಚಿತ್ರದ ಕುಣಿತವನ್ನು ನನ್ನೆದುರಿಗೆ ಕುಣಿದು ತೋರಿಸಿದನು. ಎಲುಬೇ ಇಲ್ಲವೆಂಬಂತೆ ಅವನ ಮೈ ಬಳುಕುತ್ತಿದ್ದಿತು. "ಇದು ವಿದ್ಯಾಲಯ ಕಣಯ್ಯ, ಬೀದಿಯಲ್ಲ" ಎಂದು ಹೇಳಿ ಅವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದೆನು. ಅವನು "ಆಗಲಿ ಸಾ" ಎಂದಷ್ಟೇ ನುಡಿದನು. ಬರಿಗೈಯಲ್ಲಿ ಕಳುಹಿಸಬಾರದೆಂದು ಆ ದಿನ ಪರದೆಯ ಹಗ್ಗವನ್ನು ಎಳೆಯುವ ಕೆಲಸವನ್ನು ಅವನಿಗೆ ಕೊಟ್ಟೆನು. ಪ್ರತಿಯೊಂದು ನೃತ್ಯಕ್ಕೂ ಅವನೇ ಪರದೆಯನ್ನು ಎತ್ತಿ ಇಳಿಸಿದನು, ಒಮ್ಮೆಯೂ ತಪ್ಪಲಿಲ್ಲ. ಸಾಂಗತ್ಯಕ್ಕೆಂದು ಮೂಲೆಯಲ್ಲಿ ನಿಂತಿದ್ದ ನಾನು, ಹಗ್ಗವನ್ನು ಹಿಡಿದೇ ಅವನ ಪಾದವು ತಾಳಕ್ಕೆ ಸರಿಯಾಗಿ ಮಿಡಿಯುತ್ತಿದ್ದುದನ್ನು ಕಂಡೆನು. ಕಂಡೂ ಸುಮ್ಮನಿದ್ದೆನು. ಹತ್ತನೆಯ ತರಗತಿಯಾದ ಮೇಲೆ ಅವನು ಊರನ್ನು ಬಿಟ್ಟನು. ಎಲ್ಲಿರುವನೋ ವಿಚಾರಿಸಿದೆನು, ಗೊತ್ತಾಗಲಿಲ್ಲ.

ನಮ್ಮ ಜಿಲ್ಲೆಯ ಊರುಗಳಲ್ಲಿ ಗಣಪತಿಯ ಮೆರವಣಿಗೆಗಳಲ್ಲಿಯೂ ಜಾತ್ರೆಗಳಲ್ಲಿಯೂ ತಮಟೆಗೆ ಕುಣಿದವರ, ಅವರಿಗೆ ಹೆಜ್ಜೆ ಕಲಿಸಿದ ಹಿರಿಯರ ಹೆಸರುಗಳನ್ನು ಯಾರೂ ಬರೆದಿಟ್ಟಂತಿಲ್ಲ. ಮೂಗೂರಿನ ನರ್ತಕಿಯರ ಹೆಸರುಗಳಾದರೂ ಬಲ್ಲವರ ಬಾಯಲ್ಲಿ ಉಳಿದಿವೆ. ಇವರದು ಅದೂ ಇಲ್ಲ. ವಾಚಕರಲ್ಲಿ ಯಾರಿಗಾದರೂ ತಮ್ಮ ಊರಿನ ಅಂತಹವರ ನೆನಪಿದ್ದರೆ, ಹೆಸರು, ಕೇರಿ, ಕಾಲ ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಸಂಘದ ಕಚೇರಿಗೆ ಕಳುಹಿಸಬೇಕಾಗಿ ಕೋರುವೆನು. ಬಂದುದನ್ನೆಲ್ಲ ಕ್ರಮಪಡಿಸಿ ಬರೆದಿಡುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.