ಹೊಳೆಗೆ ಮರಳುವ ತನಕ

2019ರ ಆಗಸ್ಟ್ ಮಹಾಪೂರದಲ್ಲಿ ರಾಯಬಾಗ ತಾಲೂಕಿನ ಮನೆಯೊಂದರ ಮಾಡಿನ ಮೇಲೆ ಮೊಸಳೆ ಬಂದು ಕುಳಿತದ್ದನ್ನು ನಾಡೆಲ್ಲ ಟಿವಿಯಲ್ಲಿ ಕಂಡಿತು. ಹೊಳೆದಂಡೆಯ ನಮಗೆ ಮೊಸಳೆ ಹೊಸದಲ್ಲ. ನಿಪ್ಪಾಣಿ ಸೀಮೆಯಲ್ಲಿ ವೇದಗಂಗೆಯನ್ನು ಕೂಡಿಸಿಕೊಂಡ ದೂಧಗಂಗೆ ಚಿಕ್ಕೋಡಿ ತಾಲೂಕಿನ ಕಲ್ಲೋಳದ ಹತ್ತಿರ ಕೃಷ್ಣೆಗೆ ಸೇರುತ್ತಾಳೆ. ಅಲ್ಲಿಂದ ಮಾಂಜರಿ, ಕಾಗವಾಡ ತಾಲೂಕಿನ ಉಗಾರ, ಕುಡಚಿ, ಮುಂದೆ ಅಥಣಿಯ ಹಿನ್ನೀರಿನ ಊರುಗಳು. ನೀರು ಏರಿದಾಗ ಮೊಸಳೆ ಕಬ್ಬಿನ ಹೊಲಕ್ಕೆ ಬರುತ್ತದೆ. ಇಳಿದಾಗ ಬಾವಿಯಲ್ಲೋ ಹಳ್ಳದಲ್ಲೋ ಉಳಿದುಬಿಡುತ್ತದೆ. ಆಗ ನಮ್ಮ ಬಾಗಿಲಿಗೆ ಕೂಗು ಬರುತ್ತದೆ: “ಬಡಿಗೇರ ಕಾಕಾ, ಲಗೂನ ಒಂದ ಪೆಟಗಿ ಮಾಡಿಕೊಡ್ರಿ!”

ಚಕ್ಕಡಿ, ಕೂರಿಗೆ, ಕುಂಟೆ ಮಾಡಿ ಬದುಕಿದ ಮನೆತನ ನಮ್ಮದು. ಪ್ರಾಣಿಯನ್ನು ನಾಲ್ಕು ದಿನದ ಮಟ್ಟಿಗೆ ಕೂಡಿಹಾಕುವ ಕೆಲಸ ಈ ಸೀಮೆಯಲ್ಲಿ ಹೇಗೆ ಬೆಳೆದುಬಂತು ಎಂಬುದನ್ನು ನಾನು ಕಟ್ಟಿಗೆಯ ಲೆಕ್ಕದಲ್ಲೇ ನೋಡುತ್ತ ಬಂದಿದ್ದೇನೆ.

ಮೊದಲು ಕೊಂಡವಾಡ. ಬೆಳೆ ಮೇಯ್ದ ತುಡುಗುದನವನ್ನು ಹೊಡೆದುಕೊಂಡು ಹೋಗಿ ಅಲ್ಲಿ ಕೂಡುತ್ತಿದ್ದರು. ಅದರ ಹಿಂದೆ ಇದ್ದದ್ದು 1871ರ ಬ್ರಿಟಿಷ್ ಕಾಲದ ಕಾಯ್ದೆ. ದಂಡದ ಜೊತೆಗೆ ಅದು ಇನ್ನೊಂದನ್ನೂ ಹೇಳಿತ್ತು: ಕೂಡಿದ ದನಕ್ಕೆ ಮೇವು, ನೀರು ಕೊಡುವುದು ಕೊಂಡವಾಡದವನ ಹೊಣೆ. ಮಾಲೀಕ ದಂಡವನ್ನೂ ಮೇವಿನ ಖರ್ಚನ್ನೂ ತುಂಬಿದರೆ ದನ ಬಿಡುಗಡೆ. ಏಳು ದಿನ ಯಾರೂ ಬಾರದಿದ್ದರೆ ನೋಟಿಸು, ಆಮೇಲೆ ಹರಾಜು. ಬಾಗಿಲು ಹಾಕಿದವನೇ ಒಳಗಿನ ಜೀವಕ್ಕೆ ಜವಾಬ್ದಾರ ಎಂಬ ನ್ಯಾಯ ಅದು.

ಕಾಡುಪ್ರಾಣಿಗೆ ಆ ನ್ಯಾಯ ಸಿಗಲಿಲ್ಲ. 1949ರ ಮಾರ್ಚ್‌ನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಅರಸರು ಚಿಗರಿ ಬೇಟೆಗೆ ಚೀತಾ ಸಾಕುತ್ತಿದ್ದರು. ಕಣ್ಣಿಗೆ ಟೋಪಿ ಕಟ್ಟಿದ ಚೀತಾವನ್ನು ಬಂಡಿಯ ಮೇಲೆ ಬಯಲಿಗೆ ಒಯ್ದು, ಚಿಗರಿ ಹಿಂಡು ಕಂಡಾಗ ಟೋಪಿ ಕಳಚುತ್ತಿದ್ದರು. ಸೆರೆಯಲ್ಲಿ ಚೀತಾ ಮರಿ ಹಾಕುವುದು ತೀರ ಅಪರೂಪ; ಹಾಗಾಗಿ ಒಂದು ಸತ್ತರೆ ಮತ್ತೊಂದನ್ನು ಕಾಡಿನಿಂದಲೇ ಹಿಡಿಯಬೇಕು. ಈ ದೇಶದಲ್ಲಿ ಸಿಗದಾದಾಗ ಆಫ್ರಿಕಾದಿಂದ ತರಿಸಿದರು. 1952ರಲ್ಲಿ ಭಾರತದ ಚೀತಾ ಅಳಿಯಿತೆಂದು ಸರ್ಕಾರವೇ ಸಾರಿತು.

ಚರ್ಮದ ಆಸೆಗೆ ಮೊಸಳೆಯೂ ಅದೇ ದಾರಿ ಹಿಡಿದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿತು. 1975ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ದೇಶದ ಮೊಸಳೆ ಸಂರಕ್ಷಣಾ ಯೋಜನೆ ಆರಂಭವಾಯಿತು. ಅಲ್ಲಿಗೆ ಪೆಟ್ಟಿಗೆಯ ಉದ್ದೇಶವೇ ತಿರುಗಿತು. ಇಟ್ಟುಕೊಳ್ಳಲಿಕ್ಕೆಂದು ಹಿಡಿಯುತ್ತಿದ್ದ ಕಾಲ ಹೋಗಿ, ಬಿಡಲಿಕ್ಕೆಂದು ಹಿಡಿಯುವ ಕಾಲ ಬಂತು.

ಬಿಡುವ ಪೆಟ್ಟಿಗೆಯ ಅಳತೆಯೇ ಬೇರೆ. ಉದ್ದ ಮೊಸಳೆಗಿಂತ ಗೇಣು ಹೆಚ್ಚು, ಅಗಲ ಮೈಗೆ ತಕ್ಕಷ್ಟೇ. ತಿರುಗಲು ಜಾಗವಿದ್ದರೆ ಬಾಲ ಬಡಿದುಕೊಂಡು ಗಾಯ ಮಾಡಿಕೊಳ್ಳುತ್ತದೆ. ಸರಳು ಹಾಕಿದರೆ ಮೂತಿ ತಿಕ್ಕಿ ರಕ್ತ ಬರುತ್ತದೆ, ಆದ್ದರಿಂದ ಸುತ್ತಲೂ ನುಣುಪಾದ ಹಲಗೆ, ಗಾಳಿಗೆ ತೂತು. ಒಂದು ಮೊಳೆಯ ತುದಿಯೂ ಒಳಗೆ ಇಣುಕಬಾರದು. ಚೌಕಟ್ಟಿಗೆ ಜಾಲಿ ಕಟ್ಟಿಗೆ. ಬಿಚ್ಚಿ ಮತ್ತೆ ಕೂಡಿಸಲು ಬೋಲ್ಟು. ಎರಡೂ ತುದಿಗೆ ಮೇಲೆತ್ತುವ ಬಾಗಿಲು. ಕಣ್ಣಿನ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದರೆ ಮೊಸಳೆ ತಣ್ಣಗಾಗುತ್ತದೆ, ಮೂಗಿನ ಹೊಳ್ಳೆ ಮಾತ್ರ ತೆರೆದಿರಬೇಕು. ಅಂದು ಚೀತಾದ ಕಣ್ಣು ಕಟ್ಟಿದ ಅದೇ ಜಾಣ್ಮೆ ಇಂದು ಪ್ರಾಣ ಉಳಿಸುವ ಕೆಲಸಕ್ಕೆ ಬಂದಿದೆ. ಮೇವಿನ ಚಿಂತೆ ಬೇಡ. ತಣ್ಣನೆ ರಕ್ತದ ಈ ಪ್ರಾಣಿ ಎಷ್ಟೋ ದಿನ ಉಪವಾಸ ಇರಬಲ್ಲದು. ಅದಕ್ಕೆ ಬೇಕಾದದ್ದು ನೆರಳು, ತಂಪು, ನಿಶ್ಶಬ್ದ.

ಊರವರು ಮಾಡುವುದು ಇದರ ತದ್ವಿರುದ್ಧ. ಹಗ್ಗ ಬಿಗಿದು, ಕಂಬಕ್ಕೆ ಕಟ್ಟಿ, ಹುಡುಗರೆಲ್ಲ ಫೋಟೊ ತೆಗೆಸಿಕೊಳ್ಳುತ್ತಾರೆ. ಗಂಟೆಗಟ್ಟಲೆ ಒದ್ದಾಡಿದ ಮೊಸಳೆಯ ರಕ್ತದಲ್ಲಿ ಆಮ್ಲ ಏರುತ್ತದೆ. ಮೈಮೇಲೆ ಒಂದು ಗೀರು ಇಲ್ಲದಿದ್ದರೂ ಅದು ಸಾಯಬಹುದು. ಪೂರ ಬಂದ ಮೇಲೆ ಹಲಗೆ ಹುಡುಕಿ ನಾನು ಗರಗಸ ಹಿಡಿಯುವ ಹೊತ್ತಿನಲ್ಲೇ ಅದರ ಜೀವ ಹೋಗುವುದು.

ಮೊಸಳೆಯನ್ನು ಹಿಡಿಯುವವರು, ಬಿಡುವವರು ಅರಣ್ಯ ಇಲಾಖೆಯವರೇ. ಆ ಕೆಲಸಕ್ಕೆ ಬೇರೆ ಯಾರೂ ಕೈ ಹಾಕಬಾರದು. ಆದರೆ ಅವರ ಗಾಡಿ ಬಂದಾಗ ಪೆಟ್ಟಿಗೆ ಸಿದ್ಧವಿರಬೇಕು. ಹೊಳೆದಂಡೆಯ ಪ್ರತಿ ಗ್ರಾಮ ಪಂಚಾಯಿತಿ ಮೇ ತಿಂಗಳಲ್ಲೇ ಇಲಾಖೆಯವರನ್ನು ಕೇಳಿ, ಅವರು ಹೇಳಿದ ಅಳತೆಗೆ ದೊಡ್ಡದೊಂದು, ಚಿಕ್ಕದೊಂದು ಪೆಟ್ಟಿಗೆ ಮಾಡಿಸಿಡಲಿ. ಖರ್ಚು ಹೆಚ್ಚಲ್ಲ, ಕೆಲಸ ಬಲ್ಲ ಬಡಿಗರು ಊರೂರಲ್ಲಿ ಇನ್ನೂ ಇದ್ದಾರೆ.